ಹನ್ನೊಂದು ಕೆಂಪು ಸ್ಟಿಕ್ಕರ್

ಶನಿವಾರ, ಮಧ್ಯಾಹ್ನ ಎರಡೂವರೆ
ಬೇಸಿಗೆ ರಜೆಯ ಇಪ್ಪತ್ತಮೂರನೆಯ ದಿನ

ಮಗಳೇ,

ಮೊದಲು ನಿನಗೆ ಅಮ್ಮನ ಆಶೀರ್ವಾದ. ಅದರ ಬೆನ್ನಿಗೇ ನಾಲ್ಕು ಬೈಗುಳವೂ ಇವೆ, ಆದ್ದರಿಂದ ಕೂತುಕೊಂಡು ಓದು. ನಿನ್ನೆ ಫೋನಿನಲ್ಲಿ ನೀನು ಮೂರು ಸಲ ಕೇಳಿದೆ, ಮಗಳು ಯಾಕೆ ನನ್ನ ಜೊತೆ ಮಾತಾಡ್ತಿಲ್ಲ, ನೀನೇನಾದರೂ ಅಂದೆಯಾ ಅಂತ. ನಾನು ಮೂರು ಸಲವೂ ಬಿಸಿಲಿಗೆ ಸುಸ್ತಾಗಿದಾಳೆ ಅಂದೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಮ್ಮ ಅಂತ ಹೇಳಿ ನೀನು ಫೋನ್ ಇಟ್ಟೆ. ಈ ಮನೆಯಲ್ಲಿ ಇರುವುದು ಎರಡೇ ಕೋಣೆ. ನಾನು ಫೋನ್ ಎತ್ತಿದರೆ ಲಾಯರಮ್ಮನ ಕಿವಿ ಬಾಗಿಲ ಸಂದಿಯಲ್ಲಿರುತ್ತದೆ. ಒಂಬತ್ತು ವರ್ಷದ ಹುಡುಗಿಗೆ ಆ ಹೆಸರಿಟ್ಟವಳು ನೀನು, ಅನುಭವಿಸುತ್ತಿರುವವಳು ನಾನು. ಅದಕ್ಕೇ ಈ ಕಾಗದ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವುದಕ್ಕೂ ಆಗುವುದಿಲ್ಲ.

ಮೊದಲು ನಿನ್ನ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ರಜೆ ಶುರುವಾದ ದಿನ ಮಕ್ಕಳಿಬ್ಬರನ್ನೂ ಇಲ್ಲಿ ಇಳಿಸಿ, ಫ್ರಿಜ್ಜಿನ ಬಾಗಿಲಿಗೆ ಆ ಪಟ್ಟಿ ಅಂಟಿಸಿ, ಐದೇ ವಾರ ಅಮ್ಮ ಅಂದವಳೇ ನೀನು ನಿನ್ನ ಬೇಸಿಗೆ ಶಿಬಿರಕ್ಕೆ ಓಡಿದೆ. ಅಲ್ಲಿ ನೀನು ಕ್ರಾಫ್ಟ್ ಟೀಚರು. ಕಂಡವರ ನಲವತ್ತು ಮಕ್ಕಳಿಗೆ ಅಂಟು, ಬಣ್ಣ, ಬಿಸ್ಕತ್ತು ಎಲ್ಲ ಕಲಿಸುತ್ತೀಯ. ನಿನ್ನವೆರಡಕ್ಕೆ ಅದನ್ನೇ ನಾನು ಕಲಿಸಬೇಕು. ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ಬರೆಯಬಾರದು ಅಂದುಕೊಂಡಿದ್ದೆ, ಬರೆದೇಬಿಟ್ಟೆ ನೋಡು. ಅಳಿಯಂದಿರನ್ನು ಅಂದು ಪ್ರಯೋಜನವಿಲ್ಲ, ಅವರು ಲಾರಿ ಹತ್ತಿದರೆ ಹದಿನೈದು ದಿನ ಇಳಿಯುವುದಿಲ್ಲ.

ಆ ಪಟ್ಟಿಯಲ್ಲಿ ಒಂದೊಂದರ ಮುಂದೆಯೂ ಸಮಯ ಬರೆದಿದ್ದೀಯಲ್ಲ, ಅದು ಯಾರ ಮನೆಯ ಗಡಿಯಾರ? ಕಾಗದದ ತಟ್ಟೆಯ ಮೀನು, ಇಪ್ಪತ್ತು ನಿಮಿಷ. ಉಪ್ಪುಹಿಟ್ಟಿನ ಬಟ್ಟಲು, ಅರ್ಧ ಗಂಟೆ. ಬೆಣ್ಣೆ ಬಿಸ್ಕತ್ತು, ನಲವತ್ತು ನಿಮಿಷ. ನಿನ್ನ ಮಗ ಗುಂಡಣ್ಣನಿಗೆ ಅಂಟಿನ ಡಬ್ಬಿಯ ಮುಚ್ಚಳ ತೆಗೆಯುವುದಕ್ಕೇ ಇಪ್ಪತ್ತು ನಿಮಿಷ ಬೇಕು. ಆಮೇಲೆ ಆ ಅಂಟನ್ನು ಅವನ ತಲೆಕೂದಲಿನಿಂದ ಬಿಡಿಸುವುದಕ್ಕೆ ನನಗೆ ಒಂದು ಗಂಟೆ. ಐದು ವರ್ಷದ ಮಗು ತಣ್ಣೀರಲ್ಲಿ ಕೂದಲು ತೊಳೆಸಿಕೊಳ್ಳುವಾಗ ಎಷ್ಟು ಕೂಗಬಹುದು ಅನ್ನುವುದನ್ನೂ ಪಟ್ಟಿಯಲ್ಲಿ ಸೇರಿಸಬೇಕಿತ್ತು. ಪಕ್ಕದ ಮನೆಯ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಮಲಗಿದ್ದವಳು ಎದ್ದು ಬಂದು, ಯಾರಿಗೆ ಏನಾಯ್ತು ಅಂತ ಕೇಳಿದಳು. ಏನೂ ಇಲ್ಲಮ್ಮ, ಮೀನು ಮಾಡ್ತಾ ಇದೀವಿ ಅಂದೆ.

ಮೈದಾಗೆ ಉಪ್ಪು ಕಲಸಿ ಉಪ್ಪುಹಿಟ್ಟು ಮಾಡಿದ ದಿನ ಗುಂಡಣ್ಣ ಅದನ್ನು ನೆಕ್ಕಿ ನೋಡಿ, ಉಪ್ಪು ಅಂದ. ಉಪ್ಪೇ ಕಣೋ ಅಂದೆ. ಇನ್ನೊಂದು ಕಡೆ ನೆಕ್ಕಿ, ಇಲ್ಲೂ ಉಪ್ಪು ಅಂದ. ಹೀಗೆ ಸುತ್ತಲೂ ಪರೀಕ್ಷೆ ಮಾಡಿ ಬಾಯಾರಿ ಒಂದು ಚೊಂಬು ನೀರು ಕುಡಿದ. ಲಾಯರಮ್ಮ ಬಟ್ಟಲು ಮಾಡಹೊರಟಳು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ ಅದೊಂದು ಬದಿಗೆ ವಾಲಿ ಚಪ್ಪಲಿಯ ಹಾಗೆ ಆಯಿತು. ನೆಲ, ಮೇಜು, ಕುರ್ಚಿಯ ಕಾಲು, ಕಿಟಕಿಯ ಪರದೆ, ಎಲ್ಲ ಕಡೆ ಹಿಟ್ಟು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನನ್ನ ಕೈ ಮೊಣಕೈವರೆಗೆ ಕೆಸರಾಯಿತು, ಮೊಸರಿನ ಸುಳಿವೇ ಇಲ್ಲ. ಮಕ್ಕಳ ಜೊತೆ ಖುಷಿಯಾಗಿರಿ ಅಂತ ಪಟ್ಟಿಯ ಕೊನೆಗೆ ಬರೆದು ಒಂದು ನಗುಮುಖವನ್ನೂ ಬಿಡಿಸಿದ್ದೀಯ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಇಷ್ಟೆಲ್ಲ ಬೈದದ್ದು ಯಾಕೆ ಅಂದರೆ, ಮುಂದಿನದನ್ನು ಬರೆಯುವುದಕ್ಕೆ ನನಗೆ ಧೈರ್ಯ ಸಾಲುತ್ತಿಲ್ಲ. ಇರಲಿ, ನೀರಿಗಿಳಿದ ಮೇಲೆ ಚಳಿಯೇನು.

ನಾನು ಮೂವತ್ತೊಂದು ವರ್ಷ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಮೇಜಿನ ಮುಂದೆ ನಿಂತವಳು. ಷರಟು ಬಂದರೆ ಕಾಲರು, ತೋಳಿನ ಪಟ್ಟಿ, ಗುಂಡಿ, ಅಂಚು ಎಲ್ಲ ನೋಡಿ ಮುಗಿಸುವುದಕ್ಕೆ ನಲವತ್ತು ಸೆಕೆಂಡು. ಹೊಲಿಗೆ ಒಂದು ದಾರದಷ್ಟು ಸೊಟ್ಟಗಿದ್ದರೂ ಅಲ್ಲಿ ಬಾಣದ ಗುರುತಿನ ಪುಟ್ಟ ಕೆಂಪು ಸ್ಟಿಕ್ಕರ್ ಅಂಟಿಸಿ ಆಲ್ಟರ್ ಬುಟ್ಟಿಗೆ ಎಸೆಯಬೇಕು, ಅದು ಬಿಚ್ಚಿ ಮತ್ತೆ ಹೊಲಿಯಲು ವಾಪಸ್ ಹೋಗುತ್ತದೆ. ಕೆಲಸ ಬಿಟ್ಟು ಬಂದಿದ್ದೇನೆ, ಕಣ್ಣು ಬಿಟ್ಟು ಬಂದಿಲ್ಲ. ಬಸ್ಸಿನಲ್ಲಿ ಮುಂದೆ ಕೂತವರ ಕಾಲರು ಸೊಟ್ಟಗಿದ್ದರೆ ಇಳಿಯುವವರೆಗೆ ನನಗೆ ನೆಮ್ಮದಿಯಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕೆಲಸದ ಗುಣವೂ ಹೋಗುವುದಿಲ್ಲ.

ಮೊದಲನೆಯ ವಾರ ಲಾಯರಮ್ಮ ಮೀನಿಗೆ ಬಣ್ಣದ ಕಾಗದದ ಹುರುಪೆ ಅಂಟಿಸಿದಳು. ಒಂದು ಇತ್ತ, ಒಂದು ಅತ್ತ, ಒಂದು ಕಣ್ಣಿನ ಮೇಲೆ. ಅವರಿಬ್ಬರೂ ಊಟ ಮಾಡಿ ಮಲಗಿದ್ದರು. ಅಂಟು ಇನ್ನೂ ಹಸಿಯಾಗಿತ್ತು. ನಾನು ಒಂದೇ ಒಂದು ಹುರುಪೆ ಎತ್ತಿ ಸರಿಯಾಗಿ ಕೂರಿಸಿದೆ. ಅದು ಸರಿಯಾದ ಮೇಲೆ ಪಕ್ಕದ್ದು ಎದ್ದು ಕಾಣಿಸಿತು. ಅದನ್ನೂ ಸರಿಮಾಡಿದೆ. ಅವರು ಏಳುವ ಹೊತ್ತಿಗೆ ಮೀನಿನ ಮೈಮೇಲೆ ಆರು ಸಾಲು, ಸಾಲಿಗೆ ಒಂಬತ್ತು. ಲಾಯರಮ್ಮ ಎದ್ದು ಬಂದು ನೋಡಿ, ಅಜ್ಜಿ, ಇದು ಬೇರೆ ಥರ ಕಾಣ್ತಿದೆಯಲ್ಲ ಅಂದಳು. ಅಂಟು ಒಣಗುವಾಗ ಎಳೆದುಕೊಂಡು ಸಾಲಿಗೆ ಬರತ್ತೆ ಪುಟ್ಟಾ ಅಂದೆ. ನಂಬಿದಳು. ನರ್ಸಮ್ಮನ ಹತ್ತಿರ ಫೋಟೋ ಕಳಿಸುವುದನ್ನು ಕಲಿತು ನಿನಗೆ ಕಳಿಸಿದೆ. ನೀನು ಅಷ್ಟೊಂದು ಹೊಗಳಿದೆ, ಮಗು ಕುಣಿದಾಡಿತು, ನನಗೂ ತಪ್ಪು ಮಾಡಿದೆ ಅನಿಸಲಿಲ್ಲ. ಪುಣ್ಯದ ಕೆಲಸ ಅಂತಲೇ ಅನಿಸಿತು.

ಬಟ್ಟಲನ್ನು ಮುರಿದು ನಾದಿ ಹೊಸದಾಗಿ ಮಾಡಿದೆ. ಬಿಸಿಲಿಗೆ ಇಟ್ಟರೆ ನೆಟ್ಟಗಾಗುತ್ತೆ ಅಂದೆ. ಬಿಸ್ಕತ್ತಿನ ಕಥೆಯೂ ಅಷ್ಟೆ. ಅವಳು ಚಾಕುವಿನಲ್ಲಿ ನಕ್ಷತ್ರ ಕೊಯ್ದಿದ್ದಳು, ಒಂದು ಕಡೆ ದಪ್ಪ ಒಂದು ಕಡೆ ತೆಳು. ತೆಳುವಾದ ಕಡೆ ಕರಕಲಾಗಿತ್ತು. ಅದನ್ನು ಗುಂಡಣ್ಣನಿಗೆ ತಿನ್ನಿಸಿ, ಉಳಿದ ಹಿಟ್ಟಿನಲ್ಲಿ ಇನ್ನೊಂದು ತಟ್ಟೆ ಬೇಯಿಸಿ, ಅದರ ಫೋಟೋ ನಿನಗೆ ಕಳಿಸಿದೆ. ನೀನು ಈ ಸಲವೂ ಹೊಗಳಿದೆ. ಗುಂಡಣ್ಣನ ಮೀನು, ಬಟ್ಟಲು ಎಲ್ಲವನ್ನೂ ಅವನ ಕಣ್ಣೆದುರಿಗೇ ಸರಿಮಾಡುತ್ತಿದ್ದೆ. ಅವನಿಗೆ ಅದರ ಬಿಸಿಯೇ ತಟ್ಟಲಿಲ್ಲ, ಅಜ್ಜೀ ಬಾಲನೂ ನೀನೇ ಮಾಡು ಅಂತ ಹೇಳಿ ಸೈಕಲ್ ತುಳಿಯಲು ಹೋಗುತ್ತಿದ್ದ.

ಹೋದ ಭಾನುವಾರ ಕಾಲುಚೀಲದ ಬೊಂಬೆ. ಅಂಟು ಸಾಕಾಗಿಹೋಗಿತ್ತು, ಸೂಜಿ ದಾರ ಕೊಟ್ಟೆ. ಲಾಯರಮ್ಮ ಮಾತಾಡದೆ ಎರಡು ಗಂಟೆ ಕೂತು ಹೊಲಿದಳು, ನಾಲಿಗೆಯ ತುದಿ ಹೊರಗೆ ಚಾಚಿಕೊಂಡು. ತಲೆಗೆ ಚಿಂದಿ ತುಂಬಿ, ಕಣ್ಣಿಗೆ ಎರಡು ಗುಂಡಿ, ಕೆಂಪು ದಾರದ ಬಾಯಿ. ಒಂದು ಕಣ್ಣು ಹಣೆಯಲ್ಲಿ, ಒಂದು ಕೆನ್ನೆಯಲ್ಲಿ. ಬಾಯಿ ಎಡಗಡೆಗೆ ಎಳೆದುಕೊಂಡಿತ್ತು. ಅವಳು ಮಲಗಿದ್ದೇ ತಡ, ನಾನು ಕತ್ತರಿ ತೆಗೆದುಕೊಂಡು ಪೂರ್ತಿ ಬಿಚ್ಚಿದೆ. ಒಳಗಿದ್ದ ಚಿಂದಿ ಮಾಸಲಾಗಿತ್ತು, ತೆಗೆದು ಕಸಕ್ಕೆ ಹಾಕಿ ಹೊಸ ಹತ್ತಿ ತುಂಬಿ ಹೊಲಿದೆ. ಬೊಂಬೆ ಅಂಗಡಿಯಿಂದ ತಂದ ಹಾಗಾಯಿತು. ಅವಳು ಎದ್ದು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನೇ ಮೊದಲು ಬಾಯಿಬಿಟ್ಟು, ಹತ್ತಿ ಸ್ವಲ್ಪ ಸರಿಮಾಡಿದೆ ಅಷ್ಟೇ ಅಂದೆ.

ಸೋಮವಾರ ನಿನ್ನ ಫೋನು. ಬೊಂಬೆಯ ಫೋಟೋ ನೋಡಿ ಶಿಬಿರದವರೆಲ್ಲ ಮೆಚ್ಚಿದರು, ಮುಕ್ತಾಯದ ದಿನ ಲಾಯರಮ್ಮನೇ ಬಂದು ನಲವತ್ತು ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರ ಎದುರಿಗೆ ಬೊಂಬೆ ಹೊಲಿದು ತೋರಿಸಬೇಕು ಅಂದೆ. ಸಂಜೆಗೆ ಇನ್ನೊಂದು ಫೋಟೋ ಕಳಿಸಿದೆ. ಶಿಬಿರದ ಗೋಡೆಯ ಮೇಲೆ ಮೀನು, ಬಟ್ಟಲು, ಬಿಸ್ಕತ್ತು, ಬೊಂಬೆ ನಾಲ್ಕರ ಚಿತ್ರವನ್ನೂ ದೊಡ್ಡದಾಗಿ ಮಾಡಿಸಿ ಅಂಟಿಸಿದ್ದೆ. ಕೆಳಗೆ ನಿನ್ನ ಅಕ್ಷರದಲ್ಲಿ, ನನ್ನ ಮಗಳು ಮಾಡಿದ್ದು. ಅದರ ಮುಂದೆ ಮಕ್ಕಳು ಕತ್ತೆತ್ತಿ ನಿಂತಿದ್ದರು.

ಲಾಯರಮ್ಮ ಅದನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ಬೊಂಬೆ ತಂದು, ಕತ್ತರಿಯಲ್ಲಿ ಅದರ ಕತ್ತಿನ ಹೊಲಿಗೆ ಬಿಚ್ಚಿ, ಒಳಗಿನ ಹತ್ತಿಯನ್ನೆಲ್ಲ ಹಾಸಿಗೆಯ ಮೇಲೆ ಸುರಿದು ಹುಡುಕಿದಳು. ಏನು ಹುಡುಕ್ತಿದೀಯ ಅಂದೆ. ಚೀಟಿ ಎಲ್ಲಿ ಅಂದಳು. ಚಿಂದಿಯ ನಡುವೆ ಮಡಿಸಿಟ್ಟಿದ್ದಳಂತೆ, ನಿನಗೆ ಬರೆದ ಚೀಟಿ. ನೀನು ಬೊಂಬೆಯನ್ನು ಕೈಗೆ ತೆಗೆದುಕೊಂಡ ದಿನ ಹೇಳಿ ತೆಗೆಸಬೇಕು ಅಂತ ಇದ್ದಳು. ನಾನು ಕಸದ ಡಬ್ಬಿಗೆ ಓಡಿದೆ. ಅವತ್ತು ಬೆಳಗ್ಗೆಯೇ ಕಸದ ಗಾಡಿ ಬಂದು ಹೋಗಿತ್ತು. ಅದರಲ್ಲಿ ಏನು ಬರೆದಿದ್ದೆ ಹೇಳು, ಮತ್ತೆ ಬರೆಯೋಣ ಅಂದೆ. ಅದು ಅಮ್ಮನಿಗೆ ಬರೆದದ್ದು, ನಿಮಗಲ್ಲ ಅಂದಳು.

ನಿಮಗೆ ಅಂದಳು ನೋಡು. ಹುಟ್ಟಿದಾಗಿನಿಂದ ನನ್ನನ್ನು ನೀನು ಅನ್ನುತ್ತಿದ್ದ ಮಗು. ಅವತ್ತಿನಿಂದ ನಾನು ಅಜ್ಜಿ ಅಲ್ಲ, ಬಾಡಿಗೆ ಮನೆಯ ಯಜಮಾನಿ. ಅಜ್ಜಿ, ನೀರು ಕೊಡ್ತೀರಾ. ಅಜ್ಜಿ, ದೀಪ ಆರಿಸ್ತೀರಾ. ಇದಕ್ಕಿಂತ ಅವಳು ಪಾತ್ರೆ ಎಸೆದು ಕಿರುಚಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಂಗಳವಾರ ನಾನು ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಮೇಜಿನ ಮೇಲೆ ಎಲ್ಲ ಸಾಮಾನು ಸಾಲಾಗಿ ಇಟ್ಟಿದ್ದಳು. ನಾನು ಹಳೆಯ ನೆನಪಿಗೆ ಇಟ್ಟುಕೊಂಡಿದ್ದ ಕೆಂಪು ಸ್ಟಿಕ್ಕರಿನ ಸುರುಳಿಯನ್ನು ಅವಳಿಗೆ ಆಟಕ್ಕೆ ಕೊಟ್ಟಿದ್ದೆ. ನನ್ನ ಕೈ ಬಿದ್ದ ಜಾಗಕ್ಕೆಲ್ಲ ಒಂದೊಂದು ಅಂಟಿಸಿದ್ದಳು. ಮೀನಿನ ಆರು ಸಾಲಿಗೆ ಆರು. ಬಟ್ಟಲಿಗೆ ಒಂದು. ಡಬ್ಬಿಯಲ್ಲಿ ಉಳಿದಿದ್ದ ಬಿಸ್ಕತ್ತಿನ ಮೇಲೆ ಒಂದು. ಬೊಂಬೆಯ ಕಣ್ಣು ಎರಡು, ಬಾಯಿ ಒಂದು. ಒಟ್ಟು ಹನ್ನೊಂದು. ಒಂದೂ ತಪ್ಪಿಲ್ಲ, ಒಂದೂ ಬಿಟ್ಟುಹೋಗಿಲ್ಲ. ಮೂವತ್ತೊಂದು ವರ್ಷದಲ್ಲಿ ನಮ್ಮ ಮೇಜಿಗೆ ಇಂಥ ಕಣ್ಣಿನವಳು ಒಬ್ಬಳೂ ಬಂದಿರಲಿಲ್ಲ ಅಂತ ಒಂದು ಕ್ಷಣ ಹೆಮ್ಮೆಯಾಯಿತು, ಆಮೇಲೆ ಒಳಗೆ ಹೋಗಿ ಅತ್ತೆ.

ಅವಳಿಗೆ ಕೋಪ ನನ್ನ ಮೇಲೆ, ಆದರೆ ನಾಚಿಕೆ ನಿನ್ನೆದುರಿಗೆ. ಅದಕ್ಕೇ ಫೋನಿಗೆ ಬರುವುದಿಲ್ಲ. ಅಮ್ಮ ಹೊಗಳಿದ್ದೆಲ್ಲ ನಿಮ್ಮನ್ನ, ನನ್ನನ್ನಲ್ಲ ಅಂದಳು. ಮೀನು ಸಾಲಾಗಿ ಇಲ್ಲದಿದ್ದರೆ ಅಮ್ಮ ಗೋಡೆಗೆ ಹಾಕ್ತಿರಲಿಲ್ಲ ಅಲ್ವಾ ಅಂತ ಕೇಳಿದಳು. ನಾನು ಹಾಕ್ತಿದ್ದಳು ಅಂದೆ. ನಿಮಗೆ ಹೇಗೆ ಗೊತ್ತು ಅಂದಳು. ಮತ್ತೆ ಮಾಡೋಣ ಬಾ, ಈ ಸಲ ನಾನು ಮುಟ್ಟಲ್ಲ ಅಂದರೆ, ನೀವೇ ಮಾಡಿ, ನಿಮ್ಮದೇ ನೀಟಾಗಿರತ್ತೆ ಅನ್ನುತ್ತಾಳೆ. ಮುಕ್ತಾಯದ ದಿನ ಜ್ವರ ಬಂದಿದೆ ಅಂತ ಹೇಳುತ್ತಾಳಂತೆ. ಈಗಿನಿಂದಲೇ ಗುಂಡಣ್ಣನ ಕೈಲಿ ಹಣೆ ಮುಟ್ಟಿಸಿ ಬಿಸಿ ಇದೆಯಾ ಅಂತ ಕೇಳುತ್ತಿರುತ್ತಾಳೆ. ಅವನು ಒಂದು ದಿನ ಇದೆ ಅನ್ನುತ್ತಾನೆ, ಒಂದು ದಿನ ಇಲ್ಲ ಅನ್ನುತ್ತಾನೆ.

ಇನ್ನು ಹನ್ನೆರಡು ದಿನ ಇದೆ. ಅಷ್ಟು ಜನರ ಎದುರಿಗೆ ಆ ಮಗುವಿನ ಕೈಗೆ ಸೂಜಿ ಕೊಟ್ಟು ನಿಲ್ಲಿಸಬೇಡ. ಅದನ್ನು ರದ್ದು ಮಾಡು. ಗೋಡೆಯ ಮೇಲಿನದನ್ನು ಇಳಿಸು, ಇಲ್ಲವೇ ಕೆಳಗೆ ಅಜ್ಜಿ ಮಾಡಿದ್ದು ಅಂತ ಬರೆ. ನಿನಗೆ ಅವಮಾನವಾಗುತ್ತದೆ, ಗೊತ್ತು. ಅಪ್ಪ ಅಮ್ಮಂದಿರಿಗೆ ಏನು ಹೇಳಲಿ ಅನ್ನುತ್ತೀಯ. ನನ್ನ ತಾಯಿಗೆ ಬುದ್ಧಿ ಇಲ್ಲ ಅಂತ ಹೇಳು, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಆಮೇಲೆ ನೀನೇ ಅವಳಿಗೆ ಫೋನ್ ಮಾಡಿ ಮಾತಾಡು. ನನ್ನ ಮಾತಿಗೆ ಈಗ ಈ ಮನೆಯಲ್ಲಿ ಮೂರು ಕಾಸಿನ ಬೆಲೆಯಿಲ್ಲ.

ನಿನ್ನೆ ಮಧ್ಯಾಹ್ನ ಒಂದು ನಡೆಯಿತು, ಅದನ್ನೂ ಹೇಳಿಬಿಡುತ್ತೇನೆ. ಪಟ್ಟಿಯಲ್ಲಿ ನಿಂಬೆ ಷರಬತ್ತು ಇತ್ತು. ಲಾಯರಮ್ಮ ನನ್ನನ್ನು ಕೇಳದೆ ತಾನೇ ಮಾಡಿ ಮೂರು ಲೋಟಕ್ಕೆ ಬಗ್ಗಿಸಿ, ಒಂದನ್ನು ನನ್ನ ಮುಂದೆ ಇಟ್ಟು, ಎದುರಿಗೇ ನಿಂತಳು. ಸೋಸಿರಲಿಲ್ಲ. ಬೀಜ ತೇಲುತ್ತಿದ್ದವು, ತಳದಲ್ಲಿ ಸಕ್ಕರೆ ಗಟ್ಟಿಯಾಗಿ ಕೂತಿತ್ತು, ಮೇಲೆ ಬರೀ ಹುಳಿ. ನನ್ನ ಕೈ ತಾನಾಗಿ ಚಮಚದ ಕಡೆಗೆ ಹೋಯಿತು. ಅವಳು ಆ ಕೈಯನ್ನೇ ನೋಡುತ್ತಿದ್ದಳು. ಕೈಯನ್ನು ಮಡಿಲಿಗೆ ಎಳೆದುಕೊಂಡು, ಬೀಜ ಸಮೇತ ಎಲ್ಲವನ್ನೂ ಕುಡಿದೆ. ಹೇಗಿದೆ ಅಂದಳು. ಹುಳಿ ಇದೆ ಅಂದೆ. ಹೂಂ, ನನಗೂ ಹಾಗೇ ಅನ್ನಿಸ್ತು ಅಂತ ಹೇಳಿ ಲೋಟ ತೆಗೆದುಕೊಂಡು ಹೋದಳು. ಐದು ದಿನದಲ್ಲಿ ನಮ್ಮಿಬ್ಬರ ನಡುವೆ ನಡೆದ ದೊಡ್ಡ ಮಾತುಕತೆ ಇದೇ.

ತಪ್ಪನ್ನು ಹೊಟ್ಟೆಗೆ ಹಾಕಿಕೋ ಅಂತ ಕೇಳುವುದಿಲ್ಲ, ಬೈಯಬೇಕಿದ್ದರೆ ಬೈ. ಆದರೆ ಮಗುವಿನ ಹತ್ತಿರ ಮೊದಲು ಮಾತಾಡಿ, ಆಮೇಲೆ ಬೈ. ಹೊತ್ತಿಗೆ ಸರಿಯಾಗಿ ಊಟ ಮಾಡು. ಗಂಟಲು ಹಾಳುಮಾಡಿಕೊಳ್ಳಬೇಡ.

ಇಷ್ಟು ಬರೆದು ಕೈ ಸೋತ,
ನಿನ್ನ ಅಮ್ಮ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಲಾಯರಮ್ಮ ಎದ್ದು ಬಂದಳು. ಅಮ್ಮನಿಗೆ ನಿಜ ಬರೆದಿರಾ ಅಂದಳು. ಬರೆದೆ ಅಂದೆ. ಫೋನ್ ತಂದು ನೀನು ಕಳಿಸಿದ ಗೋಡೆಯ ಫೋಟೋ ತೆಗೆದು, ಎರಡು ಬೆರಳಲ್ಲಿ ಮೂಲೆಯನ್ನು ದೊಡ್ಡದು ಮಾಡಿ ನನ್ನ ಮುಂದೆ ಹಿಡಿದಳು. ಅಲ್ಲಿ ಗಾಜಿನ ಕಟ್ಟು ಹಾಕಿಸಿದ ಒಂದು ಕರವಸ್ತ್ರ, ನಾಲ್ಕು ಮೂಲೆಗೆ ನಾಲ್ಕು ಗುಲಾಬಿ ಹೂವು. ಹತ್ತನೇ ವಯಸ್ಸಿನಲ್ಲಿ ನೀನು ಶಾಲೆಯ ಸ್ಪರ್ಧೆಗೆ ಹೊಲಿದು ಮೊದಲ ಬಹುಮಾನ ತಂದದ್ದು. ಇದನ್ನೂ ನೀವೇ ಮಾಡಿದ್ದಾ ಅಂತ ಕೇಳಿದಳು. ನಾನು ಇಲ್ಲ ಅಂದುಬಿಟ್ಟೆ. ಸರಿ ಅಂತ ಹೋದಳು.

ಮೂರು ಹೂವು ನನ್ನವು. ಸಂಜೆ ಪಾಳಿ ಮುಗಿಸಿ ಬಂದಾಗ ನೀನು ಮಲಗಿದ್ದೆ, ನಾನು ಬಿಚ್ಚಿ ಮತ್ತೆ ಹೊಲಿದೆ. ನಾಲ್ಕನೆಯದಕ್ಕೆ ದಾರ ಸಾಲಲಿಲ್ಲ, ಅದೊಂದು ನಿನ್ನದೇ. ಮರುದಿನ ಬೆಳಗ್ಗೆ ನೀನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದೆ. ಆಮೇಲೆ ಮಡಿಸಿ ಬ್ಯಾಗಿಗೆ ಹಾಕಿಕೊಂಡೆ. ಬಹುಮಾನ ಬಂದಾಗ ನಗಲೂ ಇಲ್ಲ. ಕಾಗದ, ಬಣ್ಣ, ಮಣ್ಣು ಎಲ್ಲದರಲ್ಲೂ ನೀನು ಕೈಯಾಡಿಸಿದೆ, ಆದರೆ ಅಲ್ಲಿಂದ ಇಲ್ಲಿಯವರೆಗೆ ನೀನು ಸೂಜಿ ಹಿಡಿದದ್ದನ್ನು ನಾನು ಕಂಡಿಲ್ಲ. ಇಪ್ಪತ್ತಾರು ವರ್ಷ ಇದನ್ನು ನಾನು ನಿನ್ನ ಸ್ವಭಾವ ಅಂದುಕೊಂಡಿದ್ದೆ.

ಲಾಯರಮ್ಮ ಮತ್ತೆ ಕೇಳುತ್ತಾಳೆ, ಬಿಡುವವಳಲ್ಲ. ಅದು ನಿನ್ನ ಕರವಸ್ತ್ರ, ಅವಳಿಗೆ ಏನು ಹೇಳಬೇಕು ಅಂತ ನೀನೇ ಬರೆ. ಅದರ ಜೊತೆ ಇದೊಂದನ್ನೂ ಬರೆ ಮಗಳೇ, ಅವತ್ತು ಬೆಳಗ್ಗೆ ಕಿಟಕಿಯ ಹತ್ತಿರ ನಿನಗೆ ಗೊತ್ತಾಗಿತ್ತು, ಅಲ್ಲವಾ?